ಬಾಲ್ಯದ ಹುಚ್ಚು ಬಿಡಬೇಡಿ

ನಿವೃತ್ತಿಯಾದ ಮೇಲೆ ನಿದ್ದೆಯಿಲ್ಲ, ಹಸಿವಿಲ್ಲ ಎಂದು ಬರುವವರನ್ನು ಪರೀಕ್ಷಿಸಿದ ನಂತರ ನಾನೊಂದು ಪ್ರಶ್ನೆ ಕೇಳುತ್ತೇನೆ: 'ಚಿಕ್ಕಂದಿನಲ್ಲಿ ನಿಮಗೆ ಯಾವುದರ ಹುಚ್ಚಿತ್ತು?' ಹಲವರು ನಕ್ಕು, 'ಅದೆಲ್ಲ ಈಗ ಯಾಕೆ ಡಾಕ್ಟ್ರೇ?' ಎನ್ನುತ್ತಾರೆ.

ಸಲೀಂ ಅಲಿಯವರನ್ನೇ ನೋಡಿ. ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಹಳದಿ ಕತ್ತಿನ ಗುಬ್ಬಿಯೊಂದು ಅವರಿಗೆ ಹಕ್ಕಿಗಳ ಹುಚ್ಚು ಹಿಡಿಸಿತು. ಮುಂದೆ ನೌಕರಿ ಹೋಯಿತು. 1939ರಲ್ಲಿ ಪತ್ನಿ ತೀರಿಕೊಂಡರು. ಆದರೂ ದುರ್ಬೀನು ಕೆಳಗಿಡಲಿಲ್ಲ. 1987ರಲ್ಲಿ ನಿಧನರಾದಾಗ ಅವರಿಗೆ 90 ವರ್ಷ.

ಆಶಾವಾದಿಗಳ ಆಯುಸ್ಸು ಸರಾಸರಿ ಶೇ. 11ರಿಂದ 15ರಷ್ಟು ಹೆಚ್ಚೆಂದು 2019ರ ಅಮೆರಿಕದ ಅಧ್ಯಯನವೊಂದರಲ್ಲಿ ಕಂಡುಬಂತು. ಹಾಗೆಂದು ಬಿ.ಪಿ. ಮಾತ್ರೆ ಬಿಡುವುದು ಆಶಾವಾದವಲ್ಲ. ಎರಡು ವಾರವಾದರೂ ಬೇಸರ ಕಳೆಯದಿದ್ದರೆ ವೈದ್ಯರನ್ನು ಕಾಣಿ. ಅದರ ಜೊತೆಗೇ, ಅಟ್ಟದ ಮೇಲಿನ ಹಾರ್ಮೋನಿಯಂ ಇಂದೇ ಕೆಳಗಿಳಿಸಿ.