ಆಲೂಗೆಡ್ಡೆ ಸುಲಿದವಳ ಮೇಲೆ ಯಾಕಿಷ್ಟು ಸಿಟ್ಟು?

ಲಂಡನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳಿ ಜಗತ್ತಿನ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತದೆ. 1962ರಿಂದ 2002ರವರೆಗೆ 'ಸಿಟಿಜನ್ ಕೇನ್', 2012ರಲ್ಲಿ 'ವರ್ಟಿಗೊ' ಕೂತಿದ್ದ ಮೊದಲ ಸ್ಥಾನಕ್ಕೆ 2022ರಲ್ಲಿ ಬೆಲ್ಜಿಯಮ್ಮಿನ ಶಾಂತಾಲ್ ಆಕರ್ಮನ್ 1975ರಲ್ಲಿ ತೆಗೆದ 'ಜಾನ್ ಡೀಲ್ಮನ್' ಬಂತು. ಮತದಾರರ ಸಂಖ್ಯೆ 846ರಿಂದ 1,639ಕ್ಕೆ ಏರಿತ್ತು. ಗದ್ದಲ ಎದ್ದಿತು. 'ಟ್ಯಾಕ್ಸಿ ಡ್ರೈವರ್' ಬರೆದ ಪಾಲ್ ಶ್ರೇಡರ್, ಚಿತ್ರ ಮುಖ್ಯವಾದದ್ದೆಂದು ಒಪ್ಪಿಕೊಂಡೇ, ಈ ಬಡ್ತಿ ಮಾತ್ರ 'ವೋಕ್' ರಾಜಕಾರಣದ ಕೈವಾಡ ಎಂದು ಸಿಡುಕಿದರು.

ಈ ಮಾತಿಗೆ ನಮ್ಮಲ್ಲೂ ತಲೆಯಾಡಿಸುವವರಿದ್ದಾರೆ. ಮೂರು ಗಂಟೆ ಇಪ್ಪತ್ತು ನಿಮಿಷ ಒಬ್ಬ ಹೆಂಗಸಿನ ಅಡುಗೆಮನೆ ನೋಡುತ್ತಾ ಕೂರಬೇಕೇ ಎಂದು ಅವರ ತಕರಾರು. ಕೂರಬೇಕು. ಎರಡನೆಯ ದಿನ ಆಲೂಗೆಡ್ಡೆ ಅತಿಯಾಗಿ ಬೆಂದುಹೋಗುತ್ತದೆ. ಪಾತ್ರೆ ಹಿಡಿದುಕೊಂಡು, ಎಲ್ಲಿಡುವುದೆಂದು ತೋಚದೆ, ಆಕೆ ಕೋಣೆಯಿಂದ ಕೋಣೆಗೆ ಓಡಾಡುತ್ತಾಳೆ. ಆಮೇಲೆ ಬೇರೆ ಗೆಡ್ಡೆ ತಂದು ಸುಲಿಯಲು ಕೂರುತ್ತಾಳೆ. ಕ್ಯಾಮೆರಾ ಕದಲುವುದಿಲ್ಲ. ಮಧ್ಯಾಹ್ನಗಳಲ್ಲಿ ಮೈ ಮಾರಿ ಮಗನನ್ನು ಸಾಕುವ ಈ ವಿಧವೆಯ ಬದುಕು ಕೈತಪ್ಪುತ್ತಿರುವುದು ನಮಗೆ ಗೊತ್ತಾಗುವುದೇ ಆ ಗೆಡ್ಡೆಗಳಿಂದ.

ಈಗ ಇವಳ ಪಕ್ಕದಲ್ಲಿ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ದ (1977) ಯಮುನಕ್ಕನನ್ನು ನಿಲ್ಲಿಸಿ. ಅವಳೂ ವಿಧವೆ. ಬಸಿರಾದಳೆಂದು ಹೆತ್ತ ತಂದೆಯೇ ಬದುಕಿರುವವಳ ಶ್ರಾದ್ಧ ಮಾಡಿ, ತಾನು ಮಾತ್ರ ಇನ್ನೊಂದು ಮದುವೆಗೆ ಹೊರಡುತ್ತಾನೆ. ಬ್ರಸೆಲ್ಸಿನ ಜಾನ್‌ಳನ್ನು ನೋಡಲು ಮಧ್ಯದಲ್ಲಿ ಯಾರೂ ಇಲ್ಲ. ಯಮುನಕ್ಕನನ್ನು ನಾವು ನೋಡುವುದು ನಾಣಿಯೆಂಬ ಹುಡುಗನ ಕಣ್ಣಿನಿಂದ. ಒಂದೇ ದಶಕದ ಎರಡು ಚಿತ್ರ. ಈ ವ್ಯತ್ಯಾಸವೊಂದನ್ನೇ ಹಿಡಿದು ವಾರವಿಡೀ ಪಾಠ ಮಾಡಬಹುದು. ಅದು ಬಿಟ್ಟು ಯಾರು ಒಂದನೆಯವರು ಎಂದು ಜಗಳ!

ಪಟ್ಟಿಯ ಮೇಲೆ ನನಗೂ ತಕರಾರಿದೆ, ಆದರೆ ಅದು ಬೇರೆ. ನೂರರಲ್ಲಿ ಭಾರತದ್ದು ಒಂದೇ ಒಂದು: 35ನೆಯ ಸ್ಥಾನದ 'ಪಥೇರ್ ಪಾಂಚಾಲಿ'. ಇದಕ್ಕೆ ಕಾರಣ ಸಿದ್ಧಾಂತವಲ್ಲ, ರೀಲು. 1993ರಲ್ಲಿ ಲಂಡನ್ನಿನ ಲ್ಯಾಬಿನಲ್ಲಿ ಬೆಂಕಿಗೆ ಸಿಕ್ಕ, ಅದರ ನಿರ್ದೇಶಕ ಸತ್ಯಜಿತ್ ರಾಯ್ ಚಿತ್ರಗಳ ನೆಗೆಟಿವ್‌ಗಳನ್ನು ಬೊಲೊನ್ಯದ ತಂತ್ರಜ್ಞರು ಕೂತು ಜೋಡಿಸಿದ್ದರಿಂದ ಇವತ್ತಿನ ವಿದ್ಯಾರ್ಥಿ ಆ ಚಿತ್ರವನ್ನು ಸ್ವಚ್ಛವಾಗಿ ನೋಡಬಲ್ಲ. ಸೆನೆಗಲ್ಲಿನ 'ತೂಕಿ ಬೂಕಿ', 'ಬ್ಲ್ಯಾಕ್ ಗರ್ಲ್' ಎರಡೂ ಈ ನೂರರಲ್ಲಿವೆ. ಎರಡೂ ಸ್ಕೋರ್ಸೆಸಿಯ ವರ್ಲ್ಡ್ ಸಿನಿಮಾ ಪ್ರಾಜೆಕ್ಟಿನಿಂದ ಮರುಜೀವ ಪಡೆದವು. ಕಣ್ಣಿಗೇ ಬೀಳದ ಚಿತ್ರಕ್ಕೆ ಮತ ಹಾಕುವವರು ಯಾರು? 'ವೋಕ್' ಎಂದು ಕೂಗುವವರು ಈ ಸರಳ ಅರ್ಥಶಾಸ್ತ್ರವನ್ನು ಮುಟ್ಟುವುದೇ ಇಲ್ಲ. ಬಹುಶಃ ಅದರಲ್ಲಿ ಬೈಯಲು ಯಾರೂ ಸಿಗುವುದಿಲ್ಲ.

'ಘಟಶ್ರಾದ್ಧ'ವೂ ಅದೇ ಹಾದಿಯಲ್ಲಿ, ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕೈಹಾಕಿದ ಮೇಲೆ, 2024ರಲ್ಲಿ ವೆನಿಸ್ಸಿನ ತೆರೆಗೆ ಬಂತು. ತಯಾರಾಗಿ 47 ವರ್ಷವಾಗಿತ್ತು. 2022ರಲ್ಲೇ ಅಂತರರಾಷ್ಟ್ರೀಯ ಚಿತ್ರವಿಮರ್ಶಕರ ಒಕ್ಕೂಟ ಫಿಪ್ರೆಸಿಯ ಭಾರತ ಘಟಕ ಅದನ್ನು ದೇಶದ ಶ್ರೇಷ್ಠ ಚಿತ್ರಗಳಲ್ಲಿ ಐದನೆಯದೆಂದು ಆರಿಸಿತ್ತು. ಆದರೆ ಅದನ್ನು ಉಳಿಸುವ ದುಡ್ಡು ಬಂದದ್ದು ಅಮೆರಿಕದಿಂದ. 'ಸೈಟ್ ಅಂಡ್ ಸೌಂಡ್' ಪಟ್ಟಿಯಲ್ಲಿ ಕನ್ನಡ ಯಾಕಿಲ್ಲ ಎಂದು ಫೇಸ್‌ಬುಕ್ಕಿನಲ್ಲಿ ಎದೆ ಬಡಿದುಕೊಳ್ಳುವವರು ಮೊದಲು ನಮ್ಮ ಚಲನಚಿತ್ರ ಅಕಾಡೆಮಿಗೆ ಒಂದು ಕಾಗದ ಬರೆಯಲಿ: 'ಸಂಸ್ಕಾರ', 'ಕಾಡು', 'ಚೋಮನ ದುಡಿ'ಗಳ ಮೂಲ ನೆಗೆಟಿವ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಉಳಿಸಲು ಎಷ್ಟು ಖರ್ಚು? ಮುಂದಿನ ಮತದಾನ 2032ಕ್ಕೆ.