ಸಾಲಿಯ ಸುದ್ದಿ ಯಾರು ಬರೆಯಬೇಕು?

ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಬೆಳಗಿನ ಪ್ರಾರ್ಥನೆಯ ಜೊತೆಗೆ ಒಂದು ಒಳ್ಳೆಯ ರೂಢಿ ಉಳಿದುಕೊಂಡು ಬಂದಿದೆ. ಒಬ್ಬ ಹುಡುಗನೋ ಹುಡುಗಿಯೋ ಮುಂದೆ ಬಂದು ಅಂದಿನ ಪತ್ರಿಕೆಯ ಮುಖ್ಯ ಸುದ್ದಿಗಳನ್ನು ಓದುತ್ತಾರೆ. ದಿಲ್ಲಿಯಲ್ಲಿ ಏನಾಯಿತು, ಬೆಂಗಳೂರಿನಲ್ಲಿ ಯಾರು ಏನೆಂದರು, ನಿನ್ನೆಯ ಮ್ಯಾಚಿನಲ್ಲಿ ಎಷ್ಟು ರನ್ನು. ಮೂರ್ನಾಲ್ಕು ನಿಮಿಷದಲ್ಲಿ ಜಗತ್ತು ಮುಗಿಯುತ್ತದೆ, ಮಕ್ಕಳು ಸಾಲಾಗಿ ಒಳಗೆ ಹೋಗುತ್ತಾರೆ. ನನ್ನ ತಕರಾರು ಇರುವುದು ಅಲ್ಲಿ ಓದುವ ಸುದ್ದಿಯ ಬಗ್ಗೆ ಅಲ್ಲ, ಎಂದೂ ಓದದ ಸುದ್ದಿಯ ಬಗ್ಗೆ. ಅದೇ ಅಂಗಳದಲ್ಲಿ ಕೆಟ್ಟು ನಿಂತ ನಳ, ತಿಂಗಳಿಂದ ಬಾರದ ಗಣಿತದ ಮಾಸ್ತರು, ವಾರದಿಂದ ಖಾಲಿ ಬಿದ್ದ ಒಂದು ಬೆಂಚು, ಇವು ಸುದ್ದಿಯಲ್ಲವೆ?

ಹಾಗಾದರೆ ಸಾಲಿ ಪತ್ರಿಕೆಯಲ್ಲಿ ಸುದ್ದಿಯಾಗುವುದು ಯಾವಾಗ? ನನ್ನ ಲೆಕ್ಕದಲ್ಲಿ ಮೂರು ಸಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ, ವೇದಿಕೆಯ ಮೇಲೆ ಗಣ್ಯರು ಕೂತಾಗ, ಗಲಾಟೆ ಆದಾಗ. ಮೂರರಲ್ಲೂ ಮಕ್ಕಳದು ನಿಲ್ಲುವ ಕೆಲಸ ಮಾತ್ರ. 2006-07ರಲ್ಲಿ ಸರ್ಕಾರ ಎಂಟನೇ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಆಗಿನ ಫೋಟೋಗಳನ್ನು ನೆನಪಿಸಿಕೊಳ್ಳಿ. ಮುಂದೆ ಶಾಸಕರು, ಅವರ ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್ಲು, ಹಿಂದೆ ಎಲ್ಲೋ ಅರ್ಧ ಮುಖದ ಹುಡುಗಿ. ಕೊರೊನಾ ಕಾಲದಲ್ಲಿ ಆ ಸೈಕಲ್ ನಿಂತಿತು. ನಿಂತ ದಿನ ಯಾರೂ ಫೋಟೋ ತೆಗೆಯಲಿಲ್ಲ. ನಾಲ್ಕು ಮೈಲು ದೂರದ ಹಳ್ಳಿಯ ಹುಡುಗಿ ಆಮೇಲೆ ಸಾಲಿಗೆ ಹೇಗೆ ಬಂದಳು, ಬಂದಳೋ ಇಲ್ಲವೋ, ಅದು ಆ ಹುಡುಗಿಗೆ ಗೊತ್ತು, ಅವಳ ಬೆಂಚಿನವರಿಗೆ ಗೊತ್ತು. ಅವರನ್ನು ಯಾರೂ ಕೇಳಲಿಲ್ಲ.

ಸವಣೂರಿನ ಮಾತೇ ತೆಗೆದುಕೊಳ್ಳೋಣ. 2010ರ ಜುಲೈ 20ರಂದು ಅಲ್ಲಿನ ಪುರಸಭೆಯ ಮುಂದೆ ಭಂಗಿ ಸಮುದಾಯದ ಕೆಲವರು ಮೈಮೇಲೆ ಮಲ ಸುರಿದುಕೊಂಡು ನಿಂತರು. ದಶಕಗಳಿಂದ ಬದುಕಿದ ಜಾಗವನ್ನು ಬಿಡಿ ಎನ್ನುತ್ತಿದ್ದಾರೆ, ನೀರು ಬಂದ್ ಮಾಡಿದ್ದಾರೆ ಎಂಬುದು ಅವರ ದೂರು. ಮರುದಿನದಿಂದ ಕ್ಯಾಮೆರಾಗಳು ಬಂದವು, ಸಾಹಿತಿಗಳು ಬಂದರು, ಇಡೀ ನಾಡು ತಲೆ ತಗ್ಗಿಸಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ 1993ರಲ್ಲೇ ಕಾನೂನು ಆಗಿತ್ತು. ಒಂಬತ್ತು, ಹತ್ತನೇ ಇಯತ್ತೆಯ ಸಮಾಜ ಪಾಠದಲ್ಲಿ ಅಸ್ಪೃಶ್ಯತೆ ಎಂಬ ಪಾಠ ಓದಿ ಅಂಕ ತೆಗೆದುಕೊಂಡ ಮಕ್ಕಳು ಆ ಊರಿನಲ್ಲಿ ಇದ್ದರು. ಆ ಕುಟುಂಬಗಳು ಎಲ್ಲಿ ಇವೆ, ಏನು ಕೆಲಸ ಮಾಡುತ್ತವೆ ಎಂಬುದು ಆ ಮಕ್ಕಳಿಗೆ ಜುಲೈ 20ಕ್ಕೆ ಮೊದಲೇ ಗೊತ್ತಿತ್ತು. ನೋಡಿದ್ದನ್ನು ಬರೆಯುವ ರೂಢಿಯೊಂದು ಸಾಲಿಗಳಲ್ಲಿ ಇದ್ದಿದ್ದರೆ, ಮನುಷ್ಯರು ಮೈಮೇಲೆ ಮಲ ಸುರಿದುಕೊಳ್ಳುವವರೆಗೆ ಅದು ಸುದ್ದಿಯಾಗದೆ ಉಳಿಯುತ್ತಿತ್ತೆ?

ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು. ನಾನು ಏಳನೆಯವರೆಗೆ ಉರ್ದು ಸಾಲಿಯಲ್ಲಿ ಕಲಿತು, ಎಂಟನೆಗೆ ಕನ್ನಡ ಮಾಧ್ಯಮದ ಹೈಸ್ಕೂಲು ಸೇರಿದೆ. ಆ ಸಾಲಿಯ ಹೆಸರು ಇಲ್ಲಿ ಬೇಡ, ಅದು ಸವಣೂರಿನದಲ್ಲ ಎಂದಷ್ಟೇ ಹೇಳುತ್ತೇನೆ. 1994ರ ಮಾತು. ಕನ್ನಡದ ಮಾಸ್ತರೊಬ್ಬರು ಹಲಗೆಯೊಂದಕ್ಕೆ ಬಿಳಿ ಹಾಳೆ ಅಂಟಿಸಿ, 'ಇದು ನಿಮ್ಮ ಗೋಡೆ ಪತ್ರಿಕಿ, ಬರೀರಿ' ಎಂದರು. ಎಲ್ಲರೂ ಸುಭಾಷಿತ ಬರೆದರು, ಗಾದೆ ಬರೆದರು. ನನ್ನ ಜೊತೆ ಉರ್ದು ಸಾಲಿಯಿಂದ ಬಂದ ಒಬ್ಬ ಗೆಳತಿ ಇದ್ದಳು. ಅವಳಿಗೆ ಕನ್ನಡ ಇನ್ನೂ ಕೈಗೆ ಹತ್ತಿರಲಿಲ್ಲ. ಅವಳು ದಖನಿಯಲ್ಲಿ ಹೇಳಿದಳು, ನಾನು ಕನ್ನಡದಲ್ಲಿ ಬರೆದೆ. ಸುದ್ದಿ ಇಷ್ಟೆ: 'ಹುಡುಗಿಯರ ಪಾಯಖಾನೆಗೆ ಬೀಗ ಹಾಕಿದ್ದಾರೆ. ಕೀಲಿ ಆಫೀಸಿನಲ್ಲಿ ಇರುತ್ತದೆ. ಕೇಳಲು ನಾಚಿಕೆಯಾಗುತ್ತದೆ. ಅದಕ್ಕೆ ನಾವು ಮಧ್ಯಾಹ್ನ ಮನೆಗೆ ಹೋದವರು ತಿರುಗಿ ಬರುವುದಿಲ್ಲ.'

ಮರುದಿನ ಆ ಹಾಳೆ ಇರಲಿಲ್ಲ. ಅದರ ಜಾಗದಲ್ಲಿ ವಾರ್ಷಿಕೋತ್ಸವದ ಮುಖ್ಯ ಅತಿಥಿಗಳ ಫೋಟೋ ಇತ್ತು. ನಮ್ಮನ್ನು ಕರೆದು, 'ಏನ್ ಬರ್ದೀರಿ ಇದು? ಸಾಲಿ ಮಾನ ಕಳೀತೀರೇನು?' ಎಂದು ಕೇಳಿದರು. ಬೀಗ ಹಾಕಿದವರ ಮಾನದ ಪ್ರಶ್ನೆ ಬರಲೇ ಇಲ್ಲ. ಕನ್ನಡದ ಮಾಸ್ತರು ತಲೆ ಕೆಳಗೆ ಹಾಕಿ ನಿಂತಿದ್ದರು. ಗೆಳತಿ ಒಂಬತ್ತನೇ ಇಯತ್ತೆಯ ನಡುವೆಯೇ ಸಾಲಿ ಬಿಟ್ಟಳು. ಪಾಯಖಾನೆಯೊಂದೇ ಕಾರಣ ಎಂದು ನಾನು ಹೇಳುವುದಿಲ್ಲ, ಮನೆಯಲ್ಲಿ ಬಡತನ ಇತ್ತು, ಬೇಗ ಮದುವೆ ಮಾಡುವ ಅವಸರವೂ ಇತ್ತು. ಆದರೆ ಸಾಲಿಯಿಂದ ಅವಳನ್ನು ಹೊರಗೆ ನೂಕಿದ ಕೈಗಳಲ್ಲಿ ಆ ಬೀಗವೂ ಒಂದು.

ನನ್ನ ಮೊದಲ ಕಥೆ ಯಾವುದು ಎಂದು ಕೇಳುವವರಿಗೆ ನಾನು ಪತ್ರಿಕೆಯೊಂದರ ಹೆಸರು ಹೇಳುತ್ತ ಬಂದಿದ್ದೇನೆ. ಅದು ಸುಳ್ಳು. ನನ್ನ ಮೊದಲ ಬರಹ ಆ ಹರಿದ ಹಾಳೆ. ಸವಣೂರಿನಲ್ಲಿ ಹುಟ್ಟಿ, ನವಾಬರ ಮನೆತನದ ಹೆಸರು ಹೊತ್ತ ಮಜೀದ್ ಹೈಸ್ಕೂಲಿನಲ್ಲಿ ಕಲಿತ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೆ ಹೋದರು, 1990ರ ಜ್ಞಾನಪೀಠ ಪಡೆದರು. ನಮಗೆಲ್ಲ ಹೆಮ್ಮೆ. 1981ರಲ್ಲಿ ಅವರ ಸಮಿತಿಯ ವರದಿ ಬಂದಾಗ ಹೈಸ್ಕೂಲಿನಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕೆಂಬ ಮಾತಿಗೆ ನಾಡೇ ಎದ್ದು ನಿಂತಿತು, ಉರ್ದು ಮನೆಗಳಲ್ಲಿ ಆತಂಕವೂ ಹುಟ್ಟಿತು. ಆ ಚರ್ಚೆಯನ್ನು ನಾನು ಮತ್ತೆ ತೆಗೆಯುವುದಿಲ್ಲ. ಒಂದು ಅನುಭವ ಮಾತ್ರ ಹೇಳುತ್ತೇನೆ. ನನಗೆ ಕನ್ನಡ ಒಲಿದದ್ದು ಕಡ್ಡಾಯದಿಂದಲ್ಲ, ಹೇಳಲೇಬೇಕಾದ ಒಂದು ಸುದ್ದಿ ಇದ್ದುದರಿಂದ. ಮಕ್ಕಳು ಕನ್ನಡ ಬರೆಯುವುದಿಲ್ಲ ಎಂದು ಗೋಳಾಡುವವರು, ಮಕ್ಕಳಿಗೆ ಬರೆಯಲು ನಾವು ಏನು ಕೊಟ್ಟಿದ್ದೇವೆ ಎಂದೂ ಕೇಳಿಕೊಳ್ಳಬೇಕು.

ಕೊಟ್ಟದ್ದೇನೂ ಕಡಿಮೆಯಿಲ್ಲ ಎನ್ನುವವರಿದ್ದಾರೆ. ಪ್ರತಿಭಾ ಕಾರಂಜಿ ಇದೆ. ಅದರಲ್ಲಿ ಜನಪದ ಗೀತೆ ಇದೆ, ಗಜಲ್ ಇದೆ, ಕವ್ವಾಲಿಯೂ ಇದೆ. ಹಿಂದೂ ಹುಡುಗರು ತಲೆಗೆ ಟೋಪಿ ಹಾಕಿ ಚಪ್ಪಾಳೆ ತಟ್ಟಿ ಕವ್ವಾಲಿ ಹಾಡುವುದನ್ನು ನೋಡಿ ನನ್ನ ಕಣ್ಣು ತುಂಬಿ ಬಂದದ್ದಿದೆ. ಇದನ್ನು ತಂದವರಿಗೆ ಸಲಾಂ. ಆದರೆ ಕವ್ವಾಲಿ ಮುಗಿದ ಮೇಲೆ ಆ ಹುಡುಗರು ಯಾರ ಪಕ್ಕ ಕೂರುತ್ತಾರೆ? ಬ್ಯಾನರಿನ ಮೇಲೆ ನಮ್ಮ ಪಕ್ಕದ ತಾಲ್ಲೂಕಿನ ಇಬ್ಬರೂ ಇರುತ್ತಾರೆ, ಬಾಡದ ಕನಕದಾಸರು ಮತ್ತು ಶಿಶುನಾಳದ ಶರೀಫರು. ಶರೀಫರು ಕೆಲಕಾಲ ಸಾಲಿ ಮಾಸ್ತರಿಕೆ ಮಾಡಿದವರು ಎಂಬುದೂ ಭಾಷಣದಲ್ಲಿ ಬರುತ್ತದೆ. ಬ್ಯಾನರು ಬಿಚ್ಚಿದ ಮೇಲೆ ಇಬ್ಬರೂ ಸ್ಟೋರ್ ರೂಮಿಗೆ. ಕಂಠಪಾಠ ಮಾಡಿ ಒಪ್ಪಿಸಿದ ಸೌಹಾರ್ದಕ್ಕೆ ಬಹುಮಾನ ಇದೆ. ಬೆಂಚಿನ ಮೇಲೆ ಕಂಡದ್ದನ್ನು ಹೇಳಿದವರಿಗೆ ಏನಿದೆ?

2022ರ ಫೆಬ್ರವರಿಯನ್ನು ನೆನಪಿಸಿಕೊಳ್ಳಿ. ಉಡುಪಿಯಲ್ಲಿ ಎದ್ದ ಹಿಜಾಬ್ ವಿವಾದ ಹೈಸ್ಕೂಲುಗಳ ಗೇಟಿಗೂ ಬಂತು. ಗೇಟಿನಲ್ಲಿ ಬುರ್ಖಾ ತೆಗೆಯುತ್ತಿದ್ದ ಅಕ್ಕೋರನ್ನು, ಸಣ್ಣ ಹುಡುಗಿಯರನ್ನು ಕ್ಯಾಮೆರಾಗಳು ಅಟ್ಟಿಸಿಕೊಂಡು ಹೋದವು. ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬಂತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಮಂತ್ರಿಗಳು, ವಕೀಲರು, ಆಂಕರುಗಳು, ನಮ್ಮ ಮೌಲಾನಾಗಳು, ನಮ್ಮಂಥ ಲೇಖಕರು ಎಲ್ಲರೂ ಮಾತಾಡಿದೆವು. ಗೆಳತಿಯ ಜಾಗ ಖಾಲಿಯಾದ ದಿನ ಪಕ್ಕದ ಹುಡುಗಿಗೆ ಏನನ್ನಿಸಿತು, ಯಾರು ಯಾರಿಗೆ ನೋಟ್ಸು ಕೊಟ್ಟು ಬಂದರು, ಯಾರು ಮುಖ ತಿರುಗಿಸಿದರು ಎಂಬುದನ್ನು ಮಾತ್ರ ಬರೆದಿಡಲು ಯಾರೂ ಹೇಳಲಿಲ್ಲ. ನಾಳೆ ಆ ದಿನಗಳ ಚರಿತ್ರೆ ಬರೆಯುವವನಿಗೆ ಟೀವಿಯ ಅರಚಾಟ ಸಿಗುತ್ತದೆ. ತರಗತಿಯ ಒಳಗಿನ ಮಾತು ಸಿಗುವುದಿಲ್ಲ.

ನಮ್ಮ ಸಮುದಾಯದ ಹಿರಿಯರಿಗೂ ಎರಡು ಮಾತು ಹೇಳದೆ ಬಿಟ್ಟರೆ ಈ ಲೇಖನ ಅರ್ಧ ಸತ್ಯವಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದ ಹುಡುಗಿಯರನ್ನು ಕರೆದು ಶಾಲು ಹೊದಿಸಿ ಫೋಟೋ ಹಾಕಿಸುವುದನ್ನು ನಾವೂ ಕಲಿತಿದ್ದೇವೆ. ಫೋಟೋದಲ್ಲಿ ಕಾಣುವವರು ಶಾಲು ಹೊದಿಸಿದವರೇ. ಆ ಹುಡುಗಿ ಪಿಯುಸಿಗೆ ಸೇರಿದಳೋ, ಮನೆಯಲ್ಲಿ ಕೂತಳೋ, ಮುಂದಿನ ವರ್ಷ ವಿಚಾರಿಸಿದ ಅಂಜುಮನ್ ಎಷ್ಟಿವೆ? ಹುಡುಗಿಯೇ ಎದ್ದು ನಿಂತು, 'ನನಗೆ ಶಾಲು ಬ್ಯಾಡ್ರಿ, ಮುಂದ ಓದಸ್ರಿ' ಎಂದರೆ ಅದನ್ನು ನಮ್ಮ ಪತ್ರಿಕೆಗಳು ಅಚ್ಚು ಹಾಕುತ್ತವೆಯೆ?

ಮಕ್ಕಳಿಗೆ ರಾಜಕೀಯ ಯಾಕೆ ಎಂಬುದು ದೊಡ್ಡವರ ಮೊದಲ ಆಕ್ಷೇಪ. ಆದರೆ ಶಾಲಾ ಸಂಸತ್ತು ಮಾಡಿ ಮತಪೆಟ್ಟಿಗೆ ಇಟ್ಟು ಆರೋಗ್ಯ ಮಂತ್ರಿ, ನೀರಾವರಿ ಮಂತ್ರಿ ಎಂದು ಬ್ಯಾಡ್ಜು ಹಚ್ಚುವವರು ನಾವೇ ಅಲ್ಲವೆ? ಪಾಯಖಾನೆಯ ಕೀಲಿ ಕೇಳಲಾಗದ ಆರೋಗ್ಯ ಮಂತ್ರಿಯಿಂದ ಮಕ್ಕಳು ಕಲಿಯುವ ಪ್ರಜಾಪ್ರಭುತ್ವ ಯಾವುದು? ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ ಒಪ್ಪಿಗೆ ಕೊಟ್ಟದ್ದು 1992ರ ಡಿಸೆಂಬರ್ 11ರಂದು. ಬಾಬರಿ ಮಸೀದಿ ಬಿದ್ದು ಐದೇ ದಿನ ಆಗಿತ್ತು. ತಮಗೆ ಸಂಬಂಧಪಟ್ಟ ವಿಷಯದಲ್ಲಿ ಮಾತಾಡುವ ಹಕ್ಕು ಮಗುವಿಗಿದೆ ಎಂದು ಆ ಒಡಂಬಡಿಕೆ ಹೇಳುತ್ತದೆ. ಮಕ್ಕಳಿಂದ ಇದು ಆಗದು ಎನ್ನುವವರು ಕುಂದಾಪುರದ ಕಡೆ ನೋಡಲಿ. ಸಾಲಿಯನ್ನೇ ಕಾಣದ ದುಡಿಯುವ ಮಕ್ಕಳು ಭೀಮ ಸಂಘ ಕಟ್ಟಿಕೊಂಡರು. ಅವರಿಗಾಗಿ ಭೀಮ ಪತ್ರಿಕೆ ಎಂಬ ಗೋಡೆ ಪತ್ರಿಕೆಯೇ ಇತ್ತು.

ಮಾಸ್ತರರ ಕಷ್ಟ ನನಗೆ ಗೊತ್ತು. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲ ಅವರ ತಲೆಗೇ. ಮತ್ತೊಂದು ಭಯವೂ ನಿಜ. ಗೋಡೆಯ ಮೇಲಿನ ಹಾಳೆಯ ಫೋಟೋ ಹೊಡೆದು ವಾಟ್ಸಾಪಿಗೆ ಬಿಟ್ಟರೆ ಸಂಜೆಯೊಳಗೆ ಊರಿಗೆ ಬೆಂಕಿ ಬೀಳಬಹುದಾದ ಕಾಲ ಇದು. ಅದಕ್ಕೇ ಕಟ್ಟುಪಾಡು ಬೇಕು. ಕಣ್ಣಾರೆ ಕಂಡದ್ದನ್ನೇ ಬರೆಯಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹೌದೆನ್ನಬೇಕು. ಯಾರ ಮನೆಯ ಗುಟ್ಟೂ, ಯಾರ ಜಾತಿ ಧರ್ಮದ ಹೀಯಾಳಿಕೆಯೂ ಬೇಡ. ದೂರು ಯಾರ ಮೇಲಿದೆಯೋ ಅವರ ಉತ್ತರಕ್ಕೆ ಕೆಳಗೆ ಜಾಗ ಬಿಡಬೇಕು. ಇಷ್ಟನ್ನು ಹದಿನಾಲ್ಕರ ವಯಸ್ಸಿನಲ್ಲಿ ಕಲಿತ ಮಗು ಮುಂದೆ ಸುಳ್ಳು ಫಾರ್ವರ್ಡು ಕಳಿಸುವ ಮೊದಲು ಒಂದು ಸಲವಾದರೂ ಯೋಚಿಸೀತು.

ಇದಕ್ಕೆ ಸರ್ಕಾರದ ಆದೇಶ ಬೇಡ, ಅನುದಾನ ಬೇಡ. ಒಂದು ಹಲಗೆ, ನಾಲ್ಕು ಹಾಳೆ, ಶನಿವಾರದ ಅರ್ಧ ತಾಸು ಸಾಕು. ಕನ್ನಡದಲ್ಲಿ ಬರೆಯಲು ಬಾರದವರು ಉರ್ದುವಿನಲ್ಲಿ ಬರೆಯಲಿ, ಲಂಬಾಣಿಯಲ್ಲಿ ಹೇಳಲಿ, ಪಕ್ಕದವರು ಕನ್ನಡಕ್ಕೆ ತರಲಿ. ಬೆಳಗಿನ ಪ್ರಾರ್ಥನೆಯಲ್ಲಿ ದಿಲ್ಲಿ, ಬೆಂಗಳೂರಿನ ಸುದ್ದಿ ಓದಿದ ಮೇಲೆ ಕೊನೆಗೆ ಒಂದೇ ಒಂದು ಸುದ್ದಿ ಆ ಸಾಲಿಯದೇ ಇರಲಿ, ಮಕ್ಕಳೇ ಬರೆದದ್ದು ಇರಲಿ. ನಳ ಕೆಟ್ಟಿದೆ ಎಂದು ಓದಲಿ, ರಿಪೇರಿಯಾದ ದಿನ ಅದನ್ನೂ ಓದಲಿ.

ಮತ್ತು ಹೆಡ್‌ಮಾಸ್ತರರಲ್ಲಿ ನನ್ನದೊಂದೇ ಅರಿಕೆ. ಆ ಹಾಳೆಯನ್ನು ಹರಿಯಬೇಡಿ. ಓದಿ, ನಿಮ್ಮ ಉತ್ತರ ಬರೆಯಿರಿ, ಆಮೇಲೆ ಕೀಲಿಯನ್ನು ಬಾಗಿಲಲ್ಲೇ ತೂಗುಹಾಕಿ.