ಹೆಸರಷ್ಟೇ ಉಳಿದ ರಸ್ತೆ

ಉದ್ಯೋಗ ಅರಸಿ ಕಾಸರಗೋಡಿನಿಂದ ಬೆಂಗಳೂರಿಗೆ ತೆರಳುವ ತರುಣರು ಎಚ್‌ಎಎಲ್ ಬಳಿಯ ಸುರಂಜನ್ ದಾಸ್ ರಸ್ತೆಯಲ್ಲಿ ಓಡಾಡಿದರೂ, ದಾಸ್ ಯಾರೆಂದು ವಿಚಾರಿಸುವುದು ಅಪರೂಪ. ಸ್ವದೇಶಿ ಯುದ್ಧವಿಮಾನ ‘ಮಾರುತ್’ ಅನ್ನು 1961ರ ಜೂನ್ 17ರಂದು ಮೊದಲು ಹಾರಿಸಿದ ವಾಯುಪಡೆಯ ಅಧಿಕಾರಿ ಅವರು. 1970ರ ಜನವರಿ 10ರಂದು ಅದೇ ವಿಮಾನದ ಸುಧಾರಿತ ಮಾದರಿಯ ಪರೀಕ್ಷೆಗೆ ಹೊರಟವರು ನೆಲಬಿಟ್ಟೇಳುವ ಹೊತ್ತಿನಲ್ಲೇ ಅಪಘಾತಕ್ಕೀಡಾಗಿ ಮಡಿದರು. 2019ರ ಫೆಬ್ರವರಿ 1ರಂದು ಎಚ್‌ಎಎಲ್ ನಿಲ್ದಾಣದಲ್ಲೇ, ನವೀಕರಿಸಿದ ಮಿರಾಜ್ 2000ರ ಪರೀಕ್ಷಾ ಹಾರಾಟದಲ್ಲಿ ಸಮೀರ್ ಅಬ್ರೋಲ್, ಸಿದ್ಧಾರ್ಥ ನೇಗಿ ಅಸುನೀಗಿದರು.

ಕನ್ನಡನಾಡಿನ ವೀರಗಲ್ಲು ಹೆಸರಿಗಷ್ಟೇ ತೃಪ್ತಿಪಡುವುದಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ಮಡಿದವನನ್ನು ಅಪ್ಸರೆಯರು ಆಗಸಕ್ಕೊಯ್ಯುವ ದೃಶ್ಯ. ಅಕ್ಷರ ಬಾರದವನಿಗೂ ಸಾವಿನ ಬಗೆ ತಿಳಿಯುತ್ತದೆ. ರಸ್ತೆಯ ಫಲಕಕ್ಕೆ ಅಷ್ಟು ಔದಾರ್ಯವಿಲ್ಲ. ದಾಸರ ಹೆಸರಿನ ಕೆಳಗೆ ಎರಡು ಸಾಲು ಕನ್ನಡ ಬರೆಯಿಸಬೇಕು: ಯಾವ ವಿಮಾನ, ಯಾವ ದಿನ, ಏನನ್ನು ಪರೀಕ್ಷಿಸಲು ಹೊರಟಿದ್ದರು ಎಂದು.